ವಕೀಲರನ್ನು ಹುಡುಕಿಕೊಂಡು ಹೋದ ಮನೆ

ಮಾಣಿಕಮ್ಮನ ಮನೆ ಹನ್ನೊಂದು ವರ್ಷದಲ್ಲಿ ನಾಲ್ಕು ಜಾಗ ಕಂಡಿತ್ತು. ಶಹಾಬಾದಿನ ಹಳೇ ಖಣಿಯ ದಂಡೆಯಲ್ಲಿ ಹುಟ್ಟಿತು. ಅಲ್ಲಿ ಕಲ್ಲು ತೀರಿದ ಮೇಲೆ ವಾಡಿಯ ರೈಲುಕಟ್ಟೆಯ ಮಗ್ಗುಲಿಗೆ ನಡೆಯಿತು. ಅಲ್ಲಿಂದ ಚಿತ್ತಾಪುರ ತಾಲೂಕಿನ ಒಂದು ಬೀಳು ನೆಲಕ್ಕೆ. ಮೊನ್ನೆ ಹೋಳಿ ಕಳೆದ ಮೇಲೆ ಹಳ್ಳ ದಾಟಿ, ಸೇಡಂ ತಾಲೂಕಿನ ಹೊಸ ಖಣಿಗೆ.

ಕಲ್ಲು ಒಡೆಯುವ ವಡ್ಡರ ಮನೆಗಳು ಹಾಗೇ. ಖಣಿ ಹೋದಲ್ಲಿ ಹೋಗುತ್ತವೆ. ಮಾಣಿಕಮ್ಮನ ಮನೆ ಎಂದರೆ ನಲವತ್ತೈದು ಪರಸಿಕಲ್ಲಿನ ಚಪ್ಪಡಿ. ಗೋಡೆಗೆ ಮೂವತ್ತಾರು, ಮಾಡಿಗೆ ಒಂಬತ್ತು. ಗಾರೆ ಇಲ್ಲ, ಮಣ್ಣಿಲ್ಲ. ಕಲ್ಲಿನ ಭಾರವನ್ನು ಕಲ್ಲೇ ಹಿಡಿದಿರುತ್ತದೆ. ಗಂಡಸರು ಖಣಿಯಲ್ಲಿ ಕಲ್ಲು ಎಬ್ಬಿಸುತ್ತಾರೆ, ಹೆಂಗಸರು ಹೊರುತ್ತಾರೆ. ಮನೆಯನ್ನೂ ಹೆಂಗಸರೇ ಹೊರುತ್ತಾರೆ. ತಲೆಯ ಮೇಲೆ ಸಿಂಬೆ, ಸಿಂಬೆಯ ಮೇಲೆ ಗೋಡೆ. ಯಾವ ಕಲ್ಲು ಮೊದಲು ತೆಗೆಯಬೇಕು, ಯಾವುದು ಆಮೇಲೆ ಎಂಬುದು ಆ ಮನೆಯ ಹೆಂಗಸಿಗೆ ಮಾತ್ರ ಗೊತ್ತು. ಅತ್ತೆ ಸೊಸೆಗೆ ಹೇಳುತ್ತಾಳೆ. ಗಂಡನಿಗೆ ಹೇಳುವುದಿಲ್ಲ. ತಪ್ಪು ಕಲ್ಲು ಎಳೆದವನ ತಲೆಗೆ ಮಾಡು ಇಳಿಯುತ್ತದೆ.

ಇಂಥ ಮನೆಯೂ ಜಪ್ತಿಗೆ ಬಂತು.

ಬಂದದ್ದು ಒಂದು ಕಾಲಿನಿಂದ. ಎರಡು ವರ್ಷದ ಹಿಂದೆ, ಮನೆ ಇನ್ನೂ ಬೀಳಿನಲ್ಲಿದ್ದಾಗ, ಮಾಣಿಕಮ್ಮನ ಗಂಡ ಸಾಯಪ್ಪ ಗುತ್ತೇದಾರ ಸೂಗಪ್ಪನ ಖಣಿಯಲ್ಲಿ ಕಲ್ಲು ಎಬ್ಬಿಸುತ್ತಿದ್ದ. ಆರು ಮೊಳದ ಪರಸಿ ಜಾರಿ ಅವನ ಮೊಣಕಾಲ ಮೇಲೆ ಬಿತ್ತು. ಕಾಲು ಮುರಿಯಿತು. ಪರಸಿಯೂ ಎರಡು ತುಂಡಾಯಿತು. ಸೂಗಪ್ಪ ಓಡಿ ಬಂದ. ಮೊದಲು ಪರಸಿ ನೋಡಿದ.

"ಎಂಥಾ ಕಲ್ಲಿತ್ತಲೇ ಸಾಯಪ್ಪ! ಹೈದರಾಬಾದಿಗಿ ಹೋಗೋ ಮಾಲು. ನಿನ್ನ ಕಾಲಿಗಿ ಬಡದು ಹಾಳಾಯ್ತು ನೋಡು."

ಒಡೆದ ಪರಸಿಯ ಬೆಲೆ, ದವಾಖಾನೆಗೆ ಒಯ್ದ ಬಂಡಿಯ ಬಾಡಿಗೆ, ಕಾಲಿಗೆ ಸುತ್ತಿದ ಅರಿವೆ, ಎಲ್ಲ ಸೇರಿಸಿ ಸೂಗಪ್ಪ ಒಂದು ಕಾಗದ ಬರೆಸಿದ. ಸಾಯಪ್ಪ ಕೂಗುತ್ತಿದ್ದ. ಅವನ ಹೆಬ್ಬೆಟ್ಟನ್ನು ಸೂಗಪ್ಪನೇ ಹಿಡಿದು ಒತ್ತಿದ. ಮನೆ ಗಿರವಿಯಾಯಿತು. ಮೂರು ತಿಂಗಳಿಗೆ ಕಾಲು ಕೊಳೆತು ಸಾಯಪ್ಪ ಸತ್ತ. ಕಾಗದ ಸಾಯಲಿಲ್ಲ.

ಸೂಗಪ್ಪ ಹೀಗೆ ಆಗಲೇ ನಾಲ್ಕು ಮನೆ ತೆಗೆದುಕೊಂಡಿದ್ದ. ಆ ನಾಲ್ಕು ಮನೆಯವರು ಈಗ ಅವನ ತಗಡಿನ ಛಪ್ಪರದಲ್ಲಿ ಇರುತ್ತಿದ್ದರು. ಛಪ್ಪರದ ಬಾಡಿಗೆಗೆ ಹಗಲೆಲ್ಲ ಕಲ್ಲು ಹೊರುತ್ತಿದ್ದರು. ಕೂಲಿ ಇಲ್ಲ. ಮನೆ ಇದ್ದವಳು ಸಂಜೆ ಕೂಲಿ ಕೇಳುತ್ತಾಳೆ, ಕೊಡದಿದ್ದರೆ ಬೈದು ಮನೆಗೆ ಹೋಗುತ್ತಾಳೆ. ಮನೆ ಇಲ್ಲದವಳು ಬೈದು ಎಲ್ಲಿಗೆ ಹೋಗಬೇಕು?

ನೋಟೀಸು ತಂದವನು ಚಿತ್ತಾಪುರ ಕಚೇರಿಯ ಜಪ್ತಿ ಅಮೀನ ಜಹಾಂಗೀರ. ಬಿಸಿಲಲ್ಲಿ ಬೆಂದು ಬಂದಿದ್ದ. ಸಿಟ್ಟಿನಲ್ಲಿದ್ದ.

"ಏ ಅಮ್ಮಾ, ಕಾಗದದಾಗ ಮನೀ ಬೀಳಿನಾಗ ಅದ ಅಂತ ಬರದಾರ. ಎರಡು ದಿನ ಬೀಳಿನಾಗ ತಿರಗೀನಿ. ಅಲ್ಲಿ ಒಂದು ಕತ್ತಿ ಮೇಯಾಕತ್ತಿತ್ತು. ಕತ್ತಿಗಿ ನೋಟೀಸ ಕೊಡ್ಲೇನು?"

"ಖಣಿ ಸರೀತ್ರಿ. ಸೂಗಪ್ಪನೇ ಹುಕುಂ ಮಾಡಿದ, ಮನೀ ತಗೊಂಡು ಬಂದ್ವಿ."

"ಮನೀ ತಗೊಂಡು ಬಂದ್ರಂತ!" ಜಹಾಂಗೀರ ಹಣೆ ಬಡಿದುಕೊಂಡ. ಹೆಬ್ಬೆಟ್ಟು ಒತ್ತಿಸಿಕೊಂಡು ಹೋದ.

ಕಾಗದ ಉರ್ದುವಿನಲ್ಲಿತ್ತು, ಆಗಿನ ಕಚೇರಿಯ ಭಾಷೆಯಲ್ಲಿ. ಮಾಣಿಕಮ್ಮ ಅದನ್ನು ಸೆರಗಿಗೆ ಕಟ್ಟಿಕೊಂಡು ಚಿತ್ತಾಪುರಕ್ಕೆ ನಡೆದಳು. ಅಲ್ಲಿ ಮುನ್ಸಿಫರ ಕಚೇರಿಯ ಹೊರಗೆ, ಹುಣಸೆ ಮರದ ಬುಡದಲ್ಲಿ, ಅಬ್ದುಲ್ ಕರೀಮ್ ಎಂಬ ಮುದುಕ ಕೂತು ಅರ್ಜಿ ಬರೆಯುತ್ತಿದ್ದ. ಓದಲು ಬಾರದವರಿಗೆ ಓದಿಯೂ ಹೇಳುತ್ತಿದ್ದ. ಅವನು ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು ಓದಿದ.

"ಇಪ್ಪತ್ತೊಂದು ದಿನ ಅದಾವವ್ವ. ಅಷ್ಟರಾಗ ತಕರಾರು ಹಾಕ್ಲಿಲ್ಲಂದ್ರ ಮನೀ ಸೂಗಪ್ಪಂದು."

"ಬರೀರಿ ಮತ್ತ."

"ನಾ ಬರದ್ರ ಅದು ಅರ್ಜಿ. ವಕೀಲರು ಬರದ್ರ ತಕರಾರು. ಇದಕ್ಕ ತಕರಾರೇ ಬೇಕು."

"ಎರಡಕ್ಕೂ ಫರಕ ಏನ್ರಿ ಅಜ್ಜಾ?"

ಅಬ್ದುಲ್ ಕರೀಮ್ ಕಾಗದ ಮಡಚಿ ಅವಳ ಕೈಗಿಟ್ಟ. "ಕರೀ ಕೋಟು" ಎಂದ.

ಚಿತ್ತಾಪುರದಲ್ಲಿ ಕರೀ ಕೋಟು ಇದ್ದವರು ವಾಸುದೇವರಾಯರು. ದೊಡ್ಡ ಅಂಗಳ. ಅಂಗಳಕ್ಕೆಲ್ಲ ನುಣ್ಣನೆಯ ಪರಸಿ. ಮಾಣಿಕಮ್ಮ ಆ ಕಲ್ಲನ್ನು ಗುರುತು ಹಿಡಿದಳು. ವಾಡಿಯ ಖಣಿಯದು. ಅದರಲ್ಲಿ ಅರ್ಧವಾದರೂ ತನ್ನ ತಲೆ ಮೇಲೆ ಬಂದದ್ದು. ಕಲ್ಲು ಒಳಗಿತ್ತು, ಅವಳು ಹೊರಗೆ ನಿಂತಳು. ರಾಯರು ಒಳಗಿನಿಂದಲೇ ಕೂಗಿದರು.

"ಮನೀ ಎಲ್ಲಿ ಅದವಾ?"

"ಹಳ್ಳದ ಆಚಿ, ಹೊಸ ಖಣ್ಯಾಗ್ರಿ."

"ಅದು ಸೇಡಂ ಹದ್ದು. ನಾ ಚಿತ್ತಾಪುರದ ವಕೀಲ. ಮನೀ ತಕರಾರಿಗೆ ಊರಿನ ವಕೀಲನ್ನ ಹಿಡೀಬೇಕು. ಹೋಗು."

ರಾಯರ ಹೆಂಡತಿ ಶಾರದಾಬಾಯಿ ತಂಬಿಗೆ ಹಿಡಿದು ಬಂದರು. ಮಾಣಿಕಮ್ಮ ಬೊಗಸೆ ಚಾಚಿದಳು, ಕುಡಿಯಲು ಕೊಡುತ್ತಾರೆ ಎಂದುಕೊಂಡಳು. ಬಾಯಿಯವರು ನೀರನ್ನು ಅವಳು ನಿಂತ ನೆಲಕ್ಕೆ ಚಿಮುಕಿಸಿದರು. ಮೈಲಿಗೆ ತೊಳೆಯಲಿಕ್ಕೆ. ಮಾಣಿಕಮ್ಮ ಇನ್ನೂ ಅಲ್ಲೇ ನಿಂತಿದ್ದಳು. ಅವಳ ಪಾದದ ಮೇಲೂ ಬಿತ್ತು. ಚಾಚಿದ ಬೊಗಸೆಯನ್ನು ಏನು ಮಾಡಬೇಕೆಂದು ತಿಳಿಯದೆ ಅವಳು ಕೈ ಮುಗಿದುಬಿಟ್ಟಳು. ದಾರಿಯುದ್ದಕ್ಕೂ ಅದೇ ಅವಳನ್ನು ಸುಟ್ಟಿತು. ನೀರು ಚಿಮುಕಿಸಿದ್ದಲ್ಲ, ತಾನು ಕೈ ಮುಗಿದದ್ದು.

ಸೇಡಮ್ಮಿನ ವಕೀಲರು ರೇವಣಸಿದ್ದಯ್ಯನವರು. ಹಣೆ ತುಂಬ ವಿಭೂತಿ. ಮಾತು ಬೆಣ್ಣೆ. "ಬಾ ತಂಗೀ, ಶರಣರಿಗಿ ಮೇಲು ಕೀಳು ಇಲ್ಲ" ಎಂದರು. "ಹೊಸ್ತಿಲ ಹೊರಗ ಕುಂದ್ರು" ಎಂದರು. ಪೂಜೆ ಮುಗಿಸಿ ಬರುತ್ತೇನೆ, ಅಲ್ಲಿಯ ತನಕ ಸುಮ್ಮನೆ ಯಾಕೆ ಕೂತಿರಬೇಕು, ಪಡಸಾಲೆಯ ಮೂರು ಪರಸಿ ಅಲ್ಲಾಡುತ್ತಿವೆ, ಜರಾ ನೋಡು ಎಂದರು.

ಮಾಣಿಕಮ್ಮ ಮೂರು ಪರಸಿ ಎಬ್ಬಿಸಿದಳು. ಕೆಳಗಿನ ಮಣ್ಣು ಕೆದರಿ ಹದ ಮಾಡಿದಳು. ಮತ್ತೆ ಕೂರಿಸಿದಳು. ಹೆಬ್ಬೆರಳ ಉಗುರು ಕಲ್ಲಿಗೆ ಸಿಕ್ಕು ಎದ್ದು ಬಂತು. ಮೂರಿದ್ದದ್ದು ಏಳಾಯಿತು, ಏಳು ಹನ್ನೆರಡಾಯಿತು. ಪೂಜೆ ಮುಗಿಯಲಿಲ್ಲ. ಹೊತ್ತು ಇಳಿದ ಮೇಲೆ ಅಯ್ಯನವರು ಬಂದರು. ಪರಸಿಯ ಮೇಲೆ ಕಾಲಿಟ್ಟು ಅತ್ತ ಇತ್ತ ತೂಗಿ ನೋಡಿದರು. ಅಲ್ಲಾಡಲಿಲ್ಲ.

"ಚಂದ ಆಯ್ತು. ಇದು ಕಾಯಕ. ಕಾಯಕಕ್ಕ ಕೂಲಿ ಕೇಳಬಾರದು. ಈಗ ಹೇಳು, ಗಿರವಿ ಆದಾಗ ಮನೀ ಎಲ್ಲಿತ್ತು?"

"ಚಿತ್ತಾಪುರದ ಬೀಳಿನಾಗ್ರಿ."

"ಹಂಗಾದ್ರ ಅದು ಚಿತ್ತಾಪುರದ ಮನೀ. ಊರಿನ ವಕೀಲನ್ನ ಹಿಡಿ."

"ಯಾವ ಊರಿನವ್ರನ್ರಿ?"

"ನಿನ್ನ ಊರಿನವ್ರನ್ನ."

"ನನ್ನ ಊರು ಯಾವುದ್ರಿ?"

ಅಯ್ಯನವರು ನಕ್ಕರು. "ಹುಚ್ಚಿ, ಅದನ್ನ ನಾ ಹೇಳ್ಬೇಕೇನು? ನಿನ್ನ ಮನೀ ಇದ್ದದ್ದು ನಿನ್ನ ಊರು."

"ಮನೀ ಈಗ ನಿಮ್ಮ ತಾಲೂಕಿನಾಗ ಅದಲ್ರಿ!"

"ಈಗಿಂದು ಯಾರು ಕೇಳ್ತಾರ? ಕಾಗದದಾಗಿಂದು ಹೇಳು."

ಅವಳು ಹೊರಟಾಗ ಅಯ್ಯನವರ ಆಳು ಅವಳೇ ಕೂರಿಸಿದ ಹನ್ನೆರಡು ಪರಸಿಗೂ ನೀರು ಹಾಕಿ ತೊಳೆಯುತ್ತಿದ್ದ.

ಹೀಗೆ ಮಾಣಿಕಮ್ಮ ಚಿತ್ತಾಪುರಕ್ಕೂ ಸೇಡಮ್ಮಿಗೂ ಮೂರು ಸಲ ನಡೆದಳು. ಚಿಂಚೋಳಿಯಲ್ಲಿ ಒಬ್ಬ ವಕೀಲರು ಬಡವರ ಕೇಸು ಹಿಡಿಯುತ್ತಾರೆ ಎಂದು ಯಾರೋ ಹೇಳಿದರು. ಅಲ್ಲಿಗೂ ಹೋದಳು. ಅವರು ಸತ್ತು ಆರು ವರ್ಷವಾಗಿತ್ತು. ಅವರ ಮಗ ಭಾಳ ಮರ್ಯಾದೆಯಿಂದ ಮಾತಾಡಿಸಿದ, ನೀರು ಕೊಟ್ಟ, ಊರಿನ ವಕೀಲರನ್ನು ಹಿಡಿಯಿರಿ ಎಂದ.

ಹದಿನೇಳನೆಯ ದಿನ ಅವಳು ಮತ್ತೆ ವಾಸುದೇವರಾಯರ ಅಂಗಳದ ಹೊರಗೆ ನಿಂತಳು. ಈ ಸಲ ರಾಯರ ಸುತ್ತ ನಾಲ್ಕು ಮಂದಿ ಕಕ್ಷಿದಾರರು ಕೂತು ಚಹಾ ಕುಡಿಯುತ್ತಿದ್ದರು. ರಾಯರಿಗೆ ನಗಿಸುವ ಹುಕಿ ಬಂತು.

"ಮತ್ತ ಬಂದ್ಯಾ? ಒಂದು ಕೆಲಸ ಮಾಡು. ನಿನ್ನ ಮನೀನ ತಂದು ನನ್ನ ಹದ್ದಿನಾಗ ಇಡು. ಆಮ್ಯಾಲ ನಾ ನಿನ್ನ ವಕೀಲ."

ನಾಲ್ವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾಣಿಕಮ್ಮ ನಗಲಿಲ್ಲ.

"ಹದ್ದಿನಾಗ ಎಲ್ಲಿ ಇಡ್ಲಿರಿ?"

"ಎಲ್ಲಿ ಬೇಕಾದ್ರ ಇಡು. ಕಚೇರಿ ಬಾಗಿಲಿಗೇ ಇಡು!"

ಮತ್ತೆ ನಗೆ. ಒಬ್ಬನಿಗೆ ಚಹಾ ನೆತ್ತಿಗೇರಿತು. ಮಾಣಿಕಮ್ಮ ತಲೆ ಆಡಿಸಿದಳು. ಇಷ್ಟು ದಿನಕ್ಕೆ ಒಬ್ಬ ವಕೀಲರು ಮನುಷ್ಯರಿಗೆ ಮಾಡಲು ಬರುವ ಕೆಲಸ ಹೇಳಿದ್ದರು.

ಮನೆಯಲ್ಲಿ ಅತ್ತೆ ಹುಸೇನವ್ವ ಬಾಗಿಲಲ್ಲೇ ಕೂತಿದ್ದಳು.

"ಏನಂದ್ರು?"

"ಮನೀ ತಗೊಂಡು ಬಾ ಅಂದಾರ ಅತ್ತಿ. ಕಚೇರಿ ಬಾಗಿಲಿಗಿ."

"ಅಷ್ಟೇ? ಮೊದ್ಲ ಹೇಳಾಕ ಏನಾಗಿತ್ತು ಅವಂಗ? ನಿನ್ನ ಇಷ್ಟು ಸಲ ತಿರಗ್ಯಾಡ್ಸಿದ!"

ಹತ್ತೊಂಬತ್ತನೆಯ ದಿನ ಬೆಳಗು ಹರಿಯುವಾಗ ಮಾಣಿಕಮ್ಮ ಮಾಡಿನ ಮೊದಲ ಕಲ್ಲು ಇಳಿಸಿದಳು. ಖಣಿಯ ಹೆಂಗಸರು ಸಿಂಬೆ ಹಿಡಿದು ಬಂದರು, ಹನ್ನೆರಡು ಮಂದಿ. ಏಳು ಕತ್ತೆ ಬಂದವು. ಆಮೇಲೆ ಛಪ್ಪರದಿಂದ ನಾಲ್ವರು ಹೆಂಗಸರು ಬಂದರು. ಅವರು ಬರಬಾರದಿತ್ತು. ಅವರ ಹಗಲು ಸೂಗಪ್ಪನದು.

ಸೂಗಪ್ಪನ ಮೇಸ್ತ್ರಿ ಓಡಿ ಬಂದ. "ಎಲ್ಲಿಗೆ ಹೊಂಟ್ರಿ? ಖಣಿ ಇಲ್ಲೇ ಅದ!"

"ವಕೀಲರ ಕಡಿ" ಎಂದಳು ಮಾಣಿಕಮ್ಮ.

"ವಕೀಲರ ಕಡಿ ಹೋಗೋರು ಕಾಗದ ಒಯ್ತಾರ!"

"ಕಾಗದ ಒಯ್ದೆ. ಸಾಲಲಿಲ್ಲ."

ಛಪ್ಪರದವರನ್ನು ನೋಡಿ ಮೇಸ್ತ್ರಿ ಬೆತ್ತ ಎತ್ತಿದ. ಅವರಲ್ಲಿ ಒಬ್ಬಳು, ಭಾಗಮ್ಮ, ಆಗಲೇ ಗೋಡೆಯ ಕಲ್ಲು ಹೊತ್ತಿದ್ದಳು. "ಹೊಡಿ" ಎಂದಳು. "ಕಲ್ಲು ಬಿತ್ತಂದ್ರ ನಿನ್ನ ಕಾಲು ಇಲ್ಲೇ ಅದ." ಮೇಸ್ತ್ರಿ ಕಾಲು ಹಿಂದಕ್ಕೆ ತೆಗೆದ.

ಎರಡು ದಿನ ನಡೆದರು. ರೈಲು ಹಳಿಯ ಗುಂಟ, ಒಬ್ಬರ ಹಿಂದೆ ಒಬ್ಬರು. ಬಾಗಿಲ ಚೌಕಟ್ಟಿನ ಕಲ್ಲು ಮುಂದೆ, ಮಾಡಿನ ಕಲ್ಲು ಹಿಂದೆ, ಒಲೆಯ ಮೂರು ಗುಂಡು ಹೊತ್ತ ಹುಸೇನವ್ವ ನಡುವೆ. ಗಾಡಿ ಬಂದಾಗ ಡಬ್ಬಿಯ ಕಿಟಕಿಗಳಲ್ಲಿ ಮುಖಗಳು ತುಂಬಿದವು. ಒಂದು ಮನೆ ಹದಿನೆಂಟು ಜೊತೆ ಕಾಲಿನ ಮೇಲೆ ನಡೆದು ಹೋಗುವುದನ್ನು ಮಂದಿ ನೋಡಿದರು. ಕುತ್ತಿಗೆ ಬಾತವು. ಒಬ್ಬಳ ಕಿವಿಯ ಹಿಂದೆ ಕಲ್ಲಂಚು ತಾಗಿ ರಕ್ತ ಸೋರಿತು. ಅವಳು ಒರೆಸಿಕೊಳ್ಳಲಿಲ್ಲ, ಕೈ ಬಿಟ್ಟರೆ ಗೋಡೆ ಬೀಳುತ್ತದೆ. ಇಪ್ಪತ್ತನೆಯ ದಿನ ಸಂಜೆ ಚಿತ್ತಾಪುರ ಮುಟ್ಟಿದರು. ಕಚೇರಿಯ ದೊಡ್ಡ ಬಾಗಿಲಿಗೆ ನೇರವಾಗಿ ಮನೆ ನಿಲ್ಲಿಸಿದರು. ಕಚೇರಿಯವರೆಲ್ಲ ಬೀಗ ಹಾಕಿ ಹೋಗಿಬಿಟ್ಟಿದ್ದರು. ತಡೆಯುವವರಿರಲಿಲ್ಲ. ವಕೀಲರ ಹುಕುಂ ಬೇರೆ ಇತ್ತು.

ಬೆಳಿಗ್ಗೆ ವಾಸುದೇವರಾಯರು ಬಂದರು. ಕರೀ ಕೋಟಿನ ಒಂದು ತೋಳು ಹಾಕಿದ್ದರು. ಇನ್ನೊಂದು ತೋಳು ಜೋತಾಡುತ್ತಿತ್ತು.

"ಏನಿದು? ಏನಿದು ಹೊಲಸು?"

"ಮನೀರಿ. ತಂದೀವಿ. ಇನ್ನ ನೀವು ನಮ್ಮ ವಕೀಲರು."

"ನಾ ನಗಲಿಕ್ಕ ಚಾಷ್ಟಿ ಮಾಡಿದ್ದೆ ಮಾರಾಯ್ತಿ!"

"ನಾವು ಹೊತ್ತೀವ್ರಿ" ಎಂದಳು ಮಾಣಿಕಮ್ಮ.

ರಾಯರು ಸುತ್ತ ನೋಡಿದರು. ಊರು ಸೇರುತ್ತಿತ್ತು. ಹೋಟೆಲಿನವನು ಅಂಗಡಿ ಬಿಟ್ಟು ಬಂದಿದ್ದ. "ನನಗ ಇದರ ಸಂಬಂಧ ಇಲ್ಲ. ನಾ ಏನೂ ಹೇಳಿಲ್ಲ" ಎಂದು ರಾಯರು ಊರಿಗೆಲ್ಲ ಕೇಳುವಂತೆ ಹೇಳಿ ಹುಣಸೆ ಮರದ ಕಡೆ ಹೋಗಿ ನಿಂತರು.

ಅಷ್ಟರಲ್ಲಿ ಸೂಗಪ್ಪ ಬಂದ, ಬಂಡಿ ಆಳುಗಳ ಸಮೇತ. ಜೊತೆಗೆ ಜಪ್ತಿಯ ಕಾಗದ ಹಿಡಿದ ಜಹಾಂಗೀರ. ಇಪ್ಪತ್ತೊಂದು ದಿನದ ಗಡುವು ಅಂದಿಗೆ ಮುಗಿಯುತ್ತಿತ್ತು, ತಕರಾರು ಬಂದಿರಲಿಲ್ಲ. ಸೂಗಪ್ಪನ ಮುಖ ಅರಳಿತ್ತು.

"ಭಲೇ! ನಾ ಅಲ್ಲೀ ತನಕ ಹೋಗೋದು ತಪ್ಪಿತು. ಮನೀನೇ ತಂದು ಒಪ್ಪಿಸ್ಯಾರ. ಏಳ್ರಿ ಹೊರಗ. ಇದು ನಂದು."

"ಖರೇನು?" ಜಹಾಂಗೀರ ಕೇಳಿದ.

"ಕಾಗದ ನಿನ್ನ ಕೈಯಾಗ ಅದಲ್ಲ! ನಂದೇ."

ಮುನ್ಸಿಫರ ಟಾಂಗಾ ಬಂತು. ಬಾಗಿಲವರೆಗೆ ಬಂದು ನಿಂತಿತು. ಮುಂದೆ ಮನೆ ಇತ್ತು. ಮುನ್ಸಿಫರು ಇಳಿದು, ಕನ್ನಡಕ ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಮನೆ ಹೋಗಿರಲಿಲ್ಲ. ಉರ್ದುವಿನಲ್ಲಿ ಏನೋ ಕೇಳಿದರು. ಜಹಾಂಗೀರ ಕನ್ನಡದಲ್ಲಿ ಕೂಗಿದ.

"ಈ ಮನೀ ಯಾರ್ದು ಅಂತ ಕೇಳ್ಲಿಕತ್ತಾರ!"

"ನಂದ್ರಿ!" ಸೂಗಪ್ಪ ಮುಂದೆ ಬಂದು ಬಗ್ಗಿ ಸಲಾಮು ಮಾಡಿದ.

ಮುನ್ಸಿಫರು ಗಡಿಯಾರ ನೋಡಿ ಹುಕುಂ ಕೊಟ್ಟರು. ಜಹಾಂಗೀರ ಹೇಳಿದ. "ಸರಕಾರದ ಜಾಗದಾಗ ಮನೀ ಕಟ್ಟೀದಿ. ಕಚೇರಿ ಬಾಗಿಲು ಬಂದ್ ಮಾಡೀದಿ. ಮಧ್ಯಾಹ್ನದೊಳಗ ತಗೀಬೇಕು. ತಗೀಲಿಲ್ಲಂದ್ರ ಜುಲ್ಮಾನಿ. ಮ್ಯಾಲ ಜೇಲು."

ಸೂಗಪ್ಪ ಹೆಂಗಸರ ಕಡೆ ತಿರುಗಿದ. "ಏಳ್ರಿ, ಬಿಚ್ಚರಿ, ಹೊರ್ರಿ!"

ಹೆಂಗಸರೆಲ್ಲ ನೆಲದಲ್ಲಿ ಕೂತಿದ್ದರು. ಕೂತೇ ಇದ್ದರು.

"ಭಾಗೀ! ಏಳ್ತೀಯೋ ಇಲ್ಲೋ?"

"ಕುತ್ತಿಗಿ ಹೊಳ್ಳವಲ್ದು ಸಾವ್ಕಾರ" ಎಂದಳು ಭಾಗಮ್ಮ. "ನಿಂದಲ್ಲ ಮನೀ? ನೀನೇ ಹೊರು."

ಸೂಗಪ್ಪ ಬಂಡಿ ಆಳುಗಳನ್ನು ದೂಡಿದ. ಅವರು ಮನೆಯ ಸುತ್ತ ಒಂದು ಸುತ್ತು ಬಂದರು. ಯಾವ ಕಲ್ಲು ಮೊದಲು ಎಂದು ತಿಳಿಯಲಿಲ್ಲ. ಮಾಣಿಕಮ್ಮನ ಮುಖ ನೋಡಿದರು. ಅವಳು ಆಕಾಶ ನೋಡಿದಳು. ಒಬ್ಬ ಧೈರ್ಯ ಮಾಡಿ ಮೂಲೆಯ ಒಂದು ಕಲ್ಲು ಎಳೆದ. ಮಾಡಿನ ಪರಸಿ ಸರ್ರನೆ ಜಾರಿ ಅವನ ಪಾದದ ಪಕ್ಕದಲ್ಲಿ, ನಾಲ್ಕು ಬೆರಳು ಅಂತರದಲ್ಲಿ, ನೆಲಕ್ಕೆ ನಾಟಿತು. ಅವನು ತನ್ನ ಪಾದ ನೋಡಿಕೊಂಡ. ಭಾಳ ಹೊತ್ತು ನೋಡಿಕೊಂಡ.

"ಸಾವ್ಕಾರ, ಇದು ನನ್ನ ಕಾಲಿಗಿ ಬಿದ್ದು ಒಡದಿದ್ರ ಯಾರ ಲೆಕ್ಕಕ್ಕ ಬರೀತಿದ್ರಿ?"

ಆಳು ಕೈ ಒರೆಸಿಕೊಂಡು ಬಂಡಿಯ ಹತ್ತಿರ ಹೋಗಿ ಕೂತ. ಉಳಿದವರೂ ಹೋದರು. ಸೂಗಪ್ಪ ತಾನೇ ಒಂದು ಕಲ್ಲಿಗೆ ಕೈ ಹಾಕಿದ. ಅದು ಕದಲಲಿಲ್ಲ. ಧೋತರ ಸಡಿಲಾಯಿತು. ಊರು ನಕ್ಕಿತು.

ಹೊತ್ತು ನೆತ್ತಿಗೇರಿತು. ಮುನ್ಸಿಫರು ಮತ್ತೆ ಟಾಂಗಾ ಹತ್ತಿ ಕೂತು ಬೆವರುತ್ತಿದ್ದರು. ಜಹಾಂಗೀರ ಮತ್ತೆ ಕೂಗಿದ. "ಆಖರಿ ಸಲ ಕೇಳ್ಲಿಕತ್ತಾರ. ಮನೀ ಯಾರ್ದು?"

"ನಂದಲ್ರಿ" ಎಂದ ಸೂಗಪ್ಪ.

"ಜೋರಾಗಿ ಹೇಳು."

"ನಂದಲ್ಲ! ನನಗೂ ಇದಕ್ಕೂ ಏನೂ ಇಲ್ಲ! ಗಿರವಿ ಬಿಟ್ಟೀನಿ, ಕಾಗದ ಬಿಟ್ಟೀನಿ, ಜುಲ್ಮಾನಿ ಅಕಿ ಮ್ಯಾಲ ಹಾಕ್ರಿ!"

ಹುಣಸೆ ಮರದ ಕೆಳಗೆ ಅಬ್ದುಲ್ ಕರೀಮ್ ಯಾರೂ ಹೇಳದಿದ್ದರೂ ಆ ಮಾತನ್ನು ಆಗಲೇ ಬರೆಯುತ್ತಿದ್ದ. ಬರೆದು, ಶಾಯಿ ಒಣಗಲು ಮರಳು ಉದುರಿಸಿ, ಸೂಗಪ್ಪನ ಮುಂದೆ ಹಿಡಿದ. ಸೂಗಪ್ಪ ಸಹಿ ಮಾಡಿದ. ಮುನ್ಸಿಫರು ಟಾಂಗಾದಿಂದಲೇ ಅದರ ಕೆಳಗೆ ಗೀಚಿದರು. ಅಬ್ದುಲ್ ಕರೀಮ್ ಕರೀ ಕೋಟು ಹಾಕಿರಲಿಲ್ಲ. ಅವನ ಅಂಗಿಗೆ ತೇಪೆ ಇತ್ತು.

ಆಗ ವಾಸುದೇವರಾಯರು ಕೋಟಿನ ಎರಡನೇ ತೋಳನ್ನೂ ಹಾಕಿಕೊಂಡು ಮರದ ನೆರಳಿನಿಂದ ಬಂದರು. "ಸ್ವಾಮೀ, ಈ ಹೆಣ್ಣುಮಗಳ ವಕೀಲ ನಾನೇ" ಎಂದರು.

"ಬ್ಯಾಡ್ರಿ" ಎಂದಳು ಮಾಣಿಕಮ್ಮ.

"ಏನು ಬ್ಯಾಡ?"

"ನೀವು. ಇವತ್ತ ನಾ ಊರಿನಾಕಿ ಆದೆ, ನೀವು ಊರಿನ ವಕೀಲರಾದ್ರಿ. ಚಂದ ಆತು. ಹೋಗ್ರಿ."

ಮುನ್ಸಿಫರು ಕೇಳಿದರು, ಜಹಾಂಗೀರ ಹೇಳಿದ. "ಹಂಗಾದ್ರ ಮನೀ ಯಾರ್ದು ಈಗ?"

"ನಂದು" ಎಂದಳು. ಹೀಗೆ ನಾಲ್ಕು ಮಂದಿಯ ಎದುರು ಅವಳು ಅದನ್ನು ಹಿಂದೆಂದೂ ಹೇಳಿರಲಿಲ್ಲ. ಹೇಳಲು ಒಂದೇ ಮಾತು ಸಾಕಾಗುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ.

"ಹಂಗಾದ್ರ ಬಿಚ್ಚು. ತಗೊಂಡು ಹೋಗು. ಜುಲ್ಮಾನಿ ಮಾಫಿ ಅಂತಾರ ಸಾಹೇಬರು."

ಹುಸೇನವ್ವ ಎದ್ದಳು. ಹೆಂಗಸರು ಸಿಂಬೆ ಎತ್ತಿಕೊಂಡರು. ಗೆದ್ದಾಯಿತು, ಇನ್ನು ಹೊರಬೇಕು, ಮತ್ತೆ ಎರಡು ದಿನ, ಮತ್ತೆ ಸೂಗಪ್ಪನ ಖಣಿ. ಭಾಗಮ್ಮ ಕುತ್ತಿಗೆ ತಿಕ್ಕಿಕೊಂಡಳು. ಛಪ್ಪರದ ನಾಲ್ವರೂ ಮಾಣಿಕಮ್ಮನನ್ನೇ ನೋಡುತ್ತಿದ್ದರು. ಅವರಿಗೆ ಹೊರಲು ಮನೆ ಇರಲಿಲ್ಲ.

ಮಾಣಿಕಮ್ಮ ಅವರನ್ನು ನೋಡಿದಳು. ಆಮೇಲೆ ಹೋಗಿ ಜಾರಿದ ಮಾಡಿನ ಪರಸಿಯನ್ನು ಎತ್ತಿದಳು. ಹೊರಲಿಲ್ಲ. ಅದರ ಜಾಗಕ್ಕೇ ಮತ್ತೆ ಏರಿಸಿದಳು. ಮೂಲೆಯ ಕಲ್ಲನ್ನು ಗುದ್ದಿ ಕೂರಿಸಿದಳು.

"ಏ, ಏನು ಮಾಡ್ಲಿಕತ್ತೀದಿ?" ಜಹಾಂಗೀರ ಕೇಳಿದ.

"ಸಾಹೇಬರಿಗಿ ಹೇಳ್ರಿ. ನಾ ಬಿಚ್ಚಂಗಿಲ್ಲ."

"ಹುಚ್ಚು ಹಿಡೀತೇನು? ಗೆದ್ದೀದಿ ನೀನು!"

"ಏನ್ ಗೆದ್ದೆ? ನನ್ನ ಮನೀ ನನಗ ಬಂತು. ನನ್ನ ಗಂಡನ ಕಾಲು? ಪರಸಿ ಒಡದದ್ದಕ್ಕ ಬೆಲಿ ಬರದ್ರು. ಕಾಲು ಮುರದದ್ದಕ್ಕ ಯಾರು ಬರದ್ರು? ಈ ನಾಲ್ಕು ಮಂದಿ ಮನಿ ಎಲ್ಲಿ ಅದಾವ? ಅದನ್ನ ಕೇಳ್ರಿ. ಕೇಳೋ ತನಕ ನಾವು ಇಲ್ಲೇ ಇರ್ತೀವಿ."

ಜಹಾಂಗೀರ ಉರ್ದುವಿನಲ್ಲಿ ಹೇಳಿದ. ಭಾಳ ಹೊತ್ತು ಹೇಳಿದ. ಅವಳು ಹೇಳಿದ್ದಕ್ಕಿಂತ ಹೆಚ್ಚೇ ಹೇಳಿದಂತಿತ್ತು, ಯಾಕೆಂದರೆ ನಡುವೆ ಅವನೇ ತನ್ನ ಕಾಲು ತೋರಿಸಿದ. ಮುನ್ಸಿಫರು ಕೈ ಎತ್ತಿ ತಡೆದರು. ಒಂದು ಸಣ್ಣ ಮಾತು ಕೇಳಿದರು.

"ನಿನ್ನ ವಕೀಲ ಯಾರು ಅಂತ ಕೇಳ್ತಾರ."

"ವಕೀಲರು ಸಿಗಲಿಲ್ರಿ" ಎಂದಳು ಮಾಣಿಕಮ್ಮ. "ಮನೀನೇ ಬಂದದ."

ಅವಳು ಒಳಗೆ ಹೋದಳು. ಹುಸೇನವ್ವ ಸಿಂಬೆ ಕೆಳಗಿಟ್ಟು ಒಲೆಯ ಗುಂಡುಗಳನ್ನು ಹೂಡತೊಡಗಿದಳು. ಭಾಗಮ್ಮ ಹೊಸ್ತಿಲ ಮೇಲೆ ಕೂತಳು. ಕಚೇರಿಗೆ ಹೋಗಲು ಬೇರೆ ದಾರಿ ಇರಲಿಲ್ಲ. ಮುನ್ಸಿಫರು ಟಾಂಗಾದಿಂದ ಇಳಿದು, ಗೋಡೆಗೂ ಬಾಗಿಲಿಗೂ ನಡುವೆ ಉಳಿದಿದ್ದ ಒಂದು ಗೇಣು ಸಂದಿಯನ್ನು ನೋಡುತ್ತ, ತಮ್ಮ ಹೊಟ್ಟೆಯನ್ನು ಒಳಗೆ ಎಳೆದುಕೊಂಡರು.